ಟಿಕೆಟ್ ಇಲ್ಲದ ಹಬ್ಬಕ್ಕೆ ಎಷ್ಟು ಜನ ಬಂದರು? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ರಥಬೀದಿಯಲ್ಲಾಗಲಿ, ಮಂಗಳೂರಿನ ಮೈದಾನದಲ್ಲಾಗಲಿ, ಮಲ್ಪೆಯ ಮರಳಿನ ಮೇಲಾಗಲಿ, ಪರಂಪರೆಯ ಹಬ್ಬ ಮುಗಿದ ಮರುದಿನ ಸಂಘಟಕರಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಜನ ಇದ್ರು?’ ಟಿಕೆಟ್ ಇದ್ದಿದ್ದರೆ ಹರಿದ ಚೀಟಿ ಎಣಿಸಿ ಹೇಳಬಹುದಿತ್ತು. ಉಚಿತ ಹಬ್ಬದಲ್ಲಿ ಚೀಟಿಯೂ ಇಲ್ಲ, ಹೆಚ್ಚಿನ ಕಡೆ ಬಾಗಿಲೂ ಇಲ್ಲ. ಹಬ್ಬ ಮಾಡುವವರು ಮತ್ತು ಲೆಕ್ಕ ಹಿಡಿಯಲು ನಿಲ್ಲುವ ಸ್ವಯಂಸೇವಕರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟುಮಾಡಿದ್ದೇವೆ.

ಎಣಿಸಲೇಬೇಕಾ? ಪತ್ರಿಕೆಯಲ್ಲಿ ಹೇಗೂ ‘ಜನಸಾಗರ’ ಅಂತ ಬರುತ್ತದಲ್ಲ?

ಬರುತ್ತದೆ. ಮಳೆ ಬಂದು ಅರ್ಧ ಕುರ್ಚಿ ಖಾಲಿ ಇದ್ದ ದಿನವೂ ಬರುತ್ತದೆ. ಆದರೆ ಜನಸಾಗರಕ್ಕೆ ಎಷ್ಟು ತಾತ್ಕಾಲಿಕ ಶೌಚಾಲಯ ಬೇಕು, ಎಷ್ಟು ಕ್ಯಾನ್ ಕುಡಿಯುವ ನೀರು ಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎಂದು ನಗರಸಭೆಯವರೋ ಪೊಲೀಸರೋ ಕೇಳಿದಾಗ ಆ ಪದ ಕೈಗೆ ಬರುವುದಿಲ್ಲ. ಮುಂದಿನ ವರ್ಷದ ಪ್ರಾಯೋಜಕರ ಮುಂದೆ ಕುಳಿತಾಗಲೂ ಅಷ್ಟೇ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ನೆಲ ಇದು. ಲೆಕ್ಕ ಕೇಳದೆ ದುಡ್ಡು ಕೊಡುವವರು ಇಲ್ಲಿ ಕಡಿಮೆ.

‘ಎಷ್ಟು ಜನ’ ಎಂದರೆ ನಿಖರವಾಗಿ ಯಾವ ಲೆಕ್ಕ?

ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಯೇ. ಒಂದೇ ಹಬ್ಬಕ್ಕೆ ಮೂರು ಸಂಖ್ಯೆಗಳಿವೆ, ಮೂರೂ ನಿಜ, ಮೂರೂ ಬೇರೆ ಬೇರೆ.

ಮೊದಲನೆಯದು, ಯಾವುದೋ ಒಂದು ಹೊತ್ತಿನಲ್ಲಿ ಜಾಗದಲ್ಲಿ ಇದ್ದವರು. ಅದರಲ್ಲೂ ಅತಿ ಹೆಚ್ಚು ಇದ್ದ ಹೊತ್ತಿನ ಸಂಖ್ಯೆ. ಎರಡನೆಯದು, ಒಟ್ಟು ಭೇಟಿಗಳು: ಶುಕ್ರವಾರ ಬಂದವರು ಶನಿವಾರವೂ ಬಂದರೆ ಎರಡು ಎಂದು ಲೆಕ್ಕ. ಮೂರನೆಯದು, ಒಟ್ಟು ಮಂದಿ: ಒಬ್ಬರು ಮೂರು ದಿನ ಬಂದರೂ ಒಬ್ಬರೇ.

ರಾತ್ರಿಯಿಡೀ ನಡೆಯುವ ಯಕ್ಷಗಾನ, ಹರಕೆಯ ಬಯಲಾಟವನ್ನೇ ತೆಗೆದುಕೊಳ್ಳಿ. ಆಟಕ್ಕೆ ಮೊದಲಿನ ಚೌಕಿಪೂಜೆಯ ಹೊತ್ತಿಗೆ ಸಭೆಯಲ್ಲಿ ಮನೆಯವರು, ಹತ್ತಿರದವರು. ಊಟ ಮುಗಿದ ಮೇಲೆ ತುಂಬುತ್ತದೆ. ನಡುರಾತ್ರಿಯ ನಂತರ ಕಡೆಯ ಬಸ್ಸು ಹಿಡಿಯುವವರು, ಬೆಳಿಗ್ಗೆ ಡ್ಯೂಟಿ ಇರುವವರು ಎದ್ದು ಹೋಗುತ್ತಾರೆ. ಮಂಗಳ ಹಾಡುವಾಗ ಇರುವವರು ಗಟ್ಟಿ ಪ್ರೇಕ್ಷಕರು, ಜತೆಗೆ ಕುರ್ಚಿಯಲ್ಲೇ ನಿದ್ದೆ ಹೋದವರು. ಹತ್ತು ಗಂಟೆಗೆ ಎಣಿಸಿದವರು ಎಂಟುನೂರು ಎನ್ನಬಹುದು, ಮೂರು ಗಂಟೆಗೆ ಎಣಿಸಿದವರು ಇನ್ನೂರು ಎನ್ನಬಹುದು, ರಾತ್ರಿಯಿಡೀ ಬಂದು ಹೋದವರು ಸಾವಿರದ ನೂರು ಇರಬಹುದು. ಯಾರದೂ ಸುಳ್ಳಲ್ಲ. ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿಯ ಆಟ ಬಂದ ಮೇಲೆ ಈ ಏರಿಳಿತ ಕಡಿಮೆಯಾಗಿದೆ; ಹಾಗಾಗಿ ಅಲ್ಲಿ ಒಂದೇ ಬಾರಿ ಎಣಿಸಿದರೂ ಹೆಚ್ಚುಕಡಿಮೆ ಸರಿಹೋಗುತ್ತದೆ.

ಯಾವ ಕೆಲಸಕ್ಕೆ ಯಾವ ಸಂಖ್ಯೆ ಎಂಬುದನ್ನು ಹಬ್ಬಕ್ಕೆ ಮೊದಲೇ ತೀರ್ಮಾನಿಸಿ. ಸುರಕ್ಷತೆಗೆ ಮೊದಲನೆಯದು ಬೇಕು. ಅಡುಗೆ, ನೀರು, ಕಸಕ್ಕೆ ಎರಡನೆಯದು. ‘ನಮ್ಮ ಹಬ್ಬ ಊರಿನ ಎಷ್ಟು ಜನರನ್ನು ಮುಟ್ಟಿತು’ ಎಂದು ಅನುದಾನದ ಅರ್ಜಿಯಲ್ಲಿ ಬರೆಯಲು ಮೂರನೆಯದು. ಎರಡನೆಯದನ್ನು ಎಣಿಸಿ ಮೂರನೆಯದು ಎಂದು ಬರೆಯುವುದು ನಮ್ಮಲ್ಲಿ ಬಹಳ ಸಾಮಾನ್ಯ. ಅದನ್ನು ಬಿಡಬೇಕು.

ವೇದಿಕೆಯ ಮೇಲೆ ನಿಂತು ಒಮ್ಮೆ ನೋಡಿದರೆ ಅಂದಾಜು ಸಿಗುವುದಿಲ್ಲವೆ?

ಸಿಗುತ್ತದೆ, ಆದರೆ ಅದು ನಂಬುವಂಥದ್ದಾಗಿರುವುದಿಲ್ಲ. ವೇದಿಕೆಯಿಂದ ಕಾಣುವುದು ಮುಖಗಳ ಸಾಲು. ಸಾಲುಗಳ ನಡುವಿನ ಖಾಲಿ ಜಾಗ ಕಾಣುವುದಿಲ್ಲ. ಮುಂದೆ ಜನ ಒತ್ತಾಗಿರುತ್ತಾರೆ, ಹಿಂದೆ ಚುರುಮುರಿ ಗಾಡಿಯ ಹತ್ತಿರ ಚದುರಿರುತ್ತಾರೆ. ಕಣ್ಣು ಮುಂದಿನ ಒತ್ತನ್ನೇ ಹಿಂದಕ್ಕೂ ಎಳೆದುಕೊಂಡು ಹೋಗುತ್ತದೆ. ದೂರದಿಂದ ಜೂಮ್ ಮಾಡಿ ತೆಗೆದ ಫೋಟೊ ಇನ್ನೂ ಮೋಸ: ಹಿಂದಿನ ತಲೆಗಳು ಮುಂದಿನ ತಲೆಗೆ ಅಂಟಿಕೊಂಡಂತೆ ಕಾಣುತ್ತವೆ. ‘ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ’ ಎಂಬ ವರದಿಗಳ ಹಿಂದೆ ಹಲವು ಸಲ ಇಂಥದೊಂದು ಫೋಟೊ ಇರುತ್ತದೆ.

ಜಾಗ ಅಳೆದು ಎಣಿಸುವ ಕ್ರಮ ಯಾವುದು?

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬವರು 1960ರ ದಶಕದಲ್ಲಿ ಮಾಡಿದ ಕ್ರಮ ಇದು. ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಸೇರುತ್ತಿದ್ದ ಅಂಗಳ ಅವರ ಕಚೇರಿಯ ಕಿಟಕಿಯಿಂದ ಕಾಣುತ್ತಿತ್ತು. ಅಂಗಳದ ನೆಲ ಚೌಕ ಚೌಕವಾಗಿ ಭಾಗವಾಗಿತ್ತು. ಕೆಲವು ಚೌಕಗಳಲ್ಲಿ ತಲೆ ಎಣಿಸಿ, ಒಟ್ಟು ಜಾಗಕ್ಕೆ ಹರಡಿ ಲೆಕ್ಕ ಹಾಕಿದರು. ಅವರು ಕಂಡುಕೊಂಡ ಅಳತೆ ಇಂದಿಗೂ ಬಳಕೆಯಲ್ಲಿದೆ: ಸಡಿಲ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾದ ಗುಂಪಿನಲ್ಲಿ ಸುಮಾರು 4.5 ಚದರ ಅಡಿ, ಮೈಗೆ ಮೈ ತಾಗುವ ಗುಂಪಿನಲ್ಲಿ ಸುಮಾರು 2.5 ಚದರ ಅಡಿ.

ನಮ್ಮ ಕಡೆ ಜಾಗವನ್ನು ಮಾತಾಡುವುದೇ ಸೆಂಟ್ಸ್ ಲೆಕ್ಕದಲ್ಲಿ, ಆದ್ದರಿಂದ ಸೆಂಟ್ಸ್‌ಗೇ ಇಳಿಸೋಣ. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಸಡಿಲ ಗುಂಪಾದರೆ ಸೆಂಟ್ಸ್‌ಗೆ ಸುಮಾರು 43 ಜನ, ಒತ್ತಾದರೆ 97, ಬಿಗಿಯಾದರೆ 174. ಹತ್ತು ಸೆಂಟ್ಸ್ ಅಂಗಳ ಸಡಿಲವಾಗಿ ತುಂಬಿದ್ದರೆ ನಾನೂರ ಮೂವತ್ತು ಜನ. ಈ ಮೂರು ಅಂಕೆ ನೆನಪಿದ್ದರೆ ಸಾಕು, ಯಾವ ದೇವಸ್ಥಾನದ ಅಂಗಳಕ್ಕೂ ಅಂದಾಜು ಹೇಳಬಹುದು.

ಜಾಗ ಅಳೆಯುವಾಗ ಜನ ನಿಲ್ಲಲಾರದ ಕಡೆಗಳನ್ನು ಕಳೆಯಿರಿ: ವೇದಿಕೆ, ಮಳಿಗೆ, ಜನರೇಟರ್ ವಾಹನ, ಅಶ್ವತ್ಥಕಟ್ಟೆ, ನಿಲ್ಲಿಸಿದ ರಥ. 60 ಮೀಟರ್ ಉದ್ದ, 12 ಮೀಟರ್ ಅಗಲದ ಬೀದಿ ತುಂಡಿಗೆ 720 ಚದರ ಮೀಟರ್ ಇದೆ ಎನ್ನಿ. ಎರಡೂ ಬದಿ ಎರಡೆರಡು ಮೀಟರ್ ಮಳಿಗೆ ಹಾಕಿದರೆ ಉಳಿಯುವುದು 480. ಮೂರರಲ್ಲಿ ಒಂದು ಪಾಲು ಅಲ್ಲೇ ಹೋಯಿತು.

ಒತ್ತು ಎಷ್ಟಿದೆ ಎಂದು ನಿಂತಲ್ಲೇ ಹೇಗೆ ತಿಳಿಯುವುದು?

ಎರಡೂ ಕೈ ಅಗಲಿಸಲು ಆಗುತ್ತದೆ, ಯಾರಿಗೂ ತಾಗುವುದಿಲ್ಲ ಎಂದರೆ ಸಡಿಲ. ಕೈ ಅಗಲಿಸಲು ಆಗದು, ಆದರೆ ‘ಸ್ವಲ್ಪ ದಾರಿ ಬಿಡಿ’ ಎಂದು ದಾಟಬಹುದು ಎಂದರೆ ಒತ್ತು. ದಾಟಲು ಮೈ ಅಡ್ಡ ತಿರುಗಿಸಿ ನುಗ್ಗಬೇಕು ಎಂದರೆ ಬಿಗಿ. ಇಡೀ ಜಾಗಕ್ಕೆ ಒಂದೇ ಅಂಕೆ ಹಾಕಬೇಡಿ. ಮುಂದೆ, ನಡುವೆ, ಹಿಂದೆ, ಅಂಚು ಎಂದು ಭಾಗ ಮಾಡಿ ಪ್ರತಿ ಭಾಗಕ್ಕೆ ಬೇರೆ ಅಂಕೆ ಹಾಕಿ. ಕುರ್ಚಿ ಇರುವ ಭಾಗ ಸುಲಭ: ಶಾಮಿಯಾನದವರ ಬಿಲ್ಲಿನಲ್ಲಿ ಎಷ್ಟು ಕುರ್ಚಿ ಎಂದು ಬರೆದಿರುತ್ತದೆ, ಖಾಲಿ ಇದ್ದದ್ದನ್ನು ಮಾತ್ರ ಎಣಿಸಿ ಕಳೆಯಿರಿ.

‘ಒಂದು ಲಕ್ಷ ಜನ ಸೇರಿದ್ದರು’ ಎಂದು ಭಾಷಣದಲ್ಲಿ ಹೇಳಿದರು. ನಂಬಬಹುದೇ?

ಗುಣಿಸಿ ನೋಡಿ. ಲಕ್ಷ ಜನ ಒತ್ತಾಗಿ ನಿಂತರೂ ನಾಲ್ಕೂವರೆ ಲಕ್ಷ ಚದರ ಅಡಿ ಬೇಕು, ಅಂದರೆ ಹತ್ತು ಎಕರೆಗಿಂತ ಹೆಚ್ಚು. ಮಳಿಗೆ ಇಲ್ಲದ, ಕಂಬ ಇಲ್ಲದ, ಅಂಚಿನವರೆಗೆ ಒಂದೇ ಸಮ ತುಂಬಿದ ಹತ್ತು ಎಕರೆ. ಸಡಿಲವಾಗಿದ್ದರೆ ಇಪ್ಪತ್ತಮೂರು ಎಕರೆ. ನಿಮ್ಮ ಮೈದಾನ ಎಷ್ಟು ಎಕರೆ ಎಂದು ಗ್ರಾಮ ಆಡಳಿತಾಧಿಕಾರಿಯನ್ನೇ ಕೇಳಿ. ಇಡೀ ರಾತ್ರಿಯಲ್ಲಿ ಬಂದು ಹೋದವರ ಲೆಕ್ಕ ಎಂದಾದರೆ ಲಕ್ಷವೂ ಆಗಬಹುದು, ಆದರೆ ಆಗ ‘ಸೇರಿದ್ದರು’ ಎನ್ನಬಾರದು.

ನಮ್ಮದು ಬೀದಿಯಲ್ಲಿ ನಡೆಯುವ ಹಬ್ಬ. ಒಳಗೆ ಬರಲು ಹತ್ತು ದಾರಿ. ಎಲ್ಲಿ ನಿಂತು ಎಣಿಸುವುದು?

ಮೊದಲು ಒಂದು ಗೆರೆ ಎಳೆಯಿರಿ. ನಕ್ಷೆಯ ಮೇಲೆ ಹಬ್ಬದ ಜಾಗಕ್ಕೆ ಸುತ್ತು ಹಾಕಿ, ಆ ಗೆರೆಯನ್ನು ಕಡಿಯುವ ಪ್ರತಿ ದಾರಿಯನ್ನು ಗುರುತಿಸಿ. ಮುಖ್ಯ ರಸ್ತೆ, ಓಣಿ, ಮಠದ ಹಿಂಬಾಗಿಲು, ಲಾಡ್ಜಿನ ಒಳದಾರಿ, ಹೂವಿನಂಗಡಿಯ ಪಕ್ಕದ ಸಂದು, ಎಲ್ಲವೂ. ನಂತರ ಹಿಂದಿನ ವಾರ ಅದೇ ಹೊತ್ತಿಗೆ ಹೋಗಿ ಯಾವ ದಾರಿಯಲ್ಲಿ ಎಷ್ಟು ಓಡಾಟ ಇದೆ ನೋಡಿ. ನಾಲ್ಕೈದು ದಾರಿಯಲ್ಲಿ ಹೆಚ್ಚಿನ ಜನ ಬರುತ್ತಿದ್ದರೆ ಅಲ್ಲಿ ಪೂರ್ತಿ ಹೊತ್ತು ಆಳು ನಿಲ್ಲಿಸಿ. ಉಳಿದ ಸಣ್ಣ ಸಂದುಗಳಿಗೆ ಒಬ್ಬರು ಸುತ್ತು ಹೊಡೆಯುತ್ತಾ ಹತ್ತತ್ತು ನಿಮಿಷ ಎಣಿಸಲಿ.

ಪೂರ್ತಿ ಹೊತ್ತು ನಿಲ್ಲುವ ಕಡೆಯೂ ಬಿಡದೆ ಎಣಿಸಬೇಕಾಗಿಲ್ಲ. ಅರ್ಧ ಗಂಟೆಗೆ ಹತ್ತು ನಿಮಿಷ ಎಣಿಸಿ ಮೂರರಿಂದ ಗುಣಿಸಿದರೆ ಸಾಕು. ಆದರೆ ಎಣಿಕೆ ಶುರುಮಾಡುವ ನಿಮಿಷ ಮೊದಲೇ ಬರೆದಿಟ್ಟಿರಬೇಕು. ‘ಈಗ ಜನ ಬರ್ತಾ ಇದ್ದಾರೆ, ಎಣಿಸುವ’ ಎಂದು ಸಿಟಿ ಬಸ್ಸು ಇಳಿದ ತಕ್ಷಣ ಕೌಂಟರ್ ಒತ್ತಲು ಶುರುಮಾಡಿದರೆ ಆ ಒಂದು ಬಸ್ಸು ಮೂರು ಬಸ್ಸಾಗುತ್ತದೆ.

ಒಳಗೆ ಬರುವವರನ್ನು ಎಣಿಸಿದಂತೆ ಹೊರಗೆ ಹೋಗುವವರನ್ನೂ ಎಣಿಸಿ. ಆರರಿಂದ ಏಳರವರೆಗೆ 700 ಬಂದು 100 ಹೋದರು, ಏಳರಿಂದ ಎಂಟರವರೆಗೆ 900 ಬಂದು 300 ಹೋದರು, ಎಂಟರಿಂದ ಒಂಬತ್ತರವರೆಗೆ 400 ಬಂದು 700 ಹೋದರು, ಕೊನೆಯ ಗಂಟೆಯಲ್ಲಿ 100 ಬಂದು 1,000 ಹೋದರು ಎನ್ನಿ. ಒಟ್ಟು ಬಂದವರು 2,100. ಅತಿ ಹೆಚ್ಚು ಜನ ಒಳಗಿದ್ದದ್ದು ಎಂಟು ಗಂಟೆಗೆ, 1,200. ಬಂದವರನ್ನಷ್ಟೇ ಎಣಿಸಿದ್ದರೆ ಈ 1,200 ಸಿಗುತ್ತಲೇ ಇರಲಿಲ್ಲ. ಕೊನೆಗೆ ಬಂದದ್ದು ಮತ್ತು ಹೋದದ್ದು ತಾಳೆಯಾಗದಿದ್ದರೆ ಯಾವುದೋ ದಾರಿಯನ್ನು ಬಿಟ್ಟಿದ್ದೀರಿ ಎಂದು ಅರ್ಥ.

ಎಣಿಸಲು ಯಂತ್ರ ಬೇಕೆ?

ದುಬಾರಿಯದು ಬೇಡ. ದೇವಸ್ಥಾನದ ಹೊರಗಿನ ಅಂಗಡಿಯಲ್ಲಿ ಬೆರಳಿಗೆ ಹಾಕಿಕೊಳ್ಳುವ ಜಪದ ಕೌಂಟರ್ ಸಿಗುತ್ತದಲ್ಲ, ಅದೇ ಸಾಕು. ಬಲಗೈಗೆ ಬರುವವರದ್ದು, ಎಡಗೈಗೆ ಹೋಗುವವರದ್ದು. ಜನ ಹೆಚ್ಚಾದಾಗ ಒಬ್ಬರಿಗೆ ಒಂದೇ ದಿಕ್ಕು ಕೊಡಿ. ಒಂದು ಗಂಟೆಯ ಮೇಲೆ ಯಾರನ್ನೂ ಒಂದೇ ಕಡೆ ನಿಲ್ಲಿಸಬೇಡಿ. ಹುಲಿವೇಷದ ತಾಸೆ ಕೇಳಿದರೆ ಹುಡುಗರ ಕಣ್ಣು ಅತ್ತ ಹೋಗಿಯೇ ಹೋಗುತ್ತದೆ, ಅದನ್ನು ತಪ್ಪು ಎನ್ನಲಾಗದು. ಆಗಾಗ ಒಂದೇ ದಾರಿಯಲ್ಲಿ ಇಬ್ಬರನ್ನು ಒಬ್ಬರಿಗೊಬ್ಬರು ತೋರಿಸದೆ ಎಣಿಸಲು ಹೇಳಿ. ಇಬ್ಬರ ನಡುವಿನ ವ್ಯತ್ಯಾಸವೇ ನಿಮ್ಮ ಎಣಿಕೆಯ ತಪ್ಪಿನ ಅಳತೆ.

ಹೆಗಲ ಮೇಲಿನ ಮಗುವನ್ನು ಎಣಿಸಬೇಕೆ, ಪೊಲೀಸರನ್ನು ಎಣಿಸಬೇಕೆ, ಕಲಾವಿದರನ್ನು, ಮಳಿಗೆಯವರನ್ನು? ಮಗುವನ್ನು ಹೌದು, ಉಳಿದವರನ್ನು ಬೇಡ ಎಂಬುದು ನಮ್ಮ ಕ್ರಮ. ನಿಮ್ಮದು ಬೇರೆ ಇರಬಹುದು. ಎಲ್ಲ ದಾರಿಯಲ್ಲೂ ಒಂದೇ ಇರಲಿ.

ದಾರಿಗಳಲ್ಲಿ ನಿಲ್ಲಿಸುವಷ್ಟು ಆಳು ಇಲ್ಲ. ಬೇರೆ ಉಪಾಯ?

ಇದೆ, ನಮಗೆ ಬಹಳ ಇಷ್ಟವಾದದ್ದೂ ಅದೇ. ಇಬ್ಬರು ಸಾಕು. ಒಬ್ಬರು ಅರ್ಧ ಗಂಟೆಗೊಮ್ಮೆ ಜಾಗದಲ್ಲಿ ಇರುವವರನ್ನು ಎಣಿಸುತ್ತಾರೆ, ಇನ್ನೊಬ್ಬರು ಹೊರಗೆ ಹೋಗುವವರನ್ನು ‘ಎಷ್ಟು ಹೊತ್ತಿಗೆ ಬಂದಿರಿ?’ ಎಂದು ಕೇಳುತ್ತಾರೆ. ಸರಾಸರಿ ಒಳಗಿದ್ದವರ ಸಂಖ್ಯೆಯನ್ನು ಹಬ್ಬ ನಡೆದ ಗಂಟೆಗಳಿಂದ ಗುಣಿಸಿ, ಒಬ್ಬರು ಸರಾಸರಿ ಉಳಿದ ಗಂಟೆಗಳಿಂದ ಭಾಗಿಸಿ. ಸರಾಸರಿ 800 ಜನ, ಆರು ಗಂಟೆಯ ಹಬ್ಬ, ಒಬ್ಬರು ಎರಡು ಗಂಟೆ ಉಳಿದರು ಎಂದರೆ 2,400 ಭೇಟಿ. ಒಂದೇ ಗಂಟೆ ಉಳಿದರು ಎಂದರೆ 4,800. ಸಾಲಿನಲ್ಲಿ ನಿಂತವರ ಲೆಕ್ಕಕ್ಕೆ ಬಳಸುವ ಈ ನಿಯಮವನ್ನು 1961ರಲ್ಲಿ ಜಾನ್ ಲಿಟ್ಲ್ ಗಣಿತದಿಂದ ಸಾಧಿಸಿ ತೋರಿಸಿದರು. ಬ್ಯಾಂಕಿನ ಕ್ಯೂಗೂ ಅದೇ, ಆಸ್ಪತ್ರೆಗೂ ಅದೇ, ಹಬ್ಬಕ್ಕೂ ಅದೇ.

ಕೇಳುವುದು ಹೊರಗೆ ಹೋಗುವ ದಾರಿಯಲ್ಲೇ ಆಗಬೇಕು. ಒಳಗೆ ಕೂತವರನ್ನು ಕೇಳಿದರೆ ದೀರ್ಘ ಹೊತ್ತು ಕೂರುವವರೇ ಹೆಚ್ಚು ಸಿಗುತ್ತಾರೆ. ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಿ ಗೋಳಿಬಜೆ ತಿಂದು ಹೊರಟವರು ನಿಮ್ಮ ಕೈಗೆ ಸಿಗುವುದೇ ಇಲ್ಲ. ಆಗ ಸರಾಸರಿ ಉದ್ದವಾಗುತ್ತದೆ, ಭೇಟಿಗಳ ಸಂಖ್ಯೆ ಕುಗ್ಗುತ್ತದೆ. ಹಾಗೆಯೇ, ನಗುಮುಖದವರನ್ನು ಆರಿಸಿ ಕೇಳಬೇಡಿ. ಪ್ರತಿ ಇಪ್ಪತ್ತನೆಯವರನ್ನು ಕೇಳಿ. ಕೇಳುವ ಹುಡುಗಿಗೋ ಹುಡುಗನಿಗೋ ಕನ್ನಡದ ಜತೆ ತುಳು, ಕೊಂಕಣಿ, ಬ್ಯಾರಿ ಬಂದರೆ ಕೆಲಸ ಅರ್ಧ ಹಗುರ. ‘ಏಪ ಬತ್ತರ್?’ ಎಂದು ಕೇಳಿದರೆ ಅಜ್ಜಿಯಂದಿರು ನಿಂತು ಪೂರ್ತಿ ಕತೆಯನ್ನೇ ಹೇಳುತ್ತಾರೆ.

ರಥಬೀದಿಗೆ ಹಬ್ಬ ಇಲ್ಲದಿದ್ದರೂ ಜನ ಬರುತ್ತಾರೆ. ಅವರನ್ನು ಹೇಗೆ ಬಿಡಿಸುವುದು?

ಉಡುಪಿಯಲ್ಲಿ ಇದೇ ದೊಡ್ಡ ತಲೆನೋವು. ಕೃಷ್ಣಮಠಕ್ಕೆ ದರ್ಶನಕ್ಕೆ ಬಂದವರು, ಅನಂತೇಶ್ವರ, ಚಂದ್ರಮೌಳೀಶ್ವರಕ್ಕೆ ಬಂದವರು, ಪ್ರವಾಸದ ಶಾಲಾ ಮಕ್ಕಳು, ಅಷ್ಟಮಠಗಳಿಗೆ ಕೆಲಸದ ಮೇಲೆ ಬಂದವರು, ಅಲ್ಲೇ ಅಂಗಡಿ ಇಟ್ಟವರು ಎಲ್ಲರೂ ನಿಮ್ಮ ಗೆರೆ ದಾಟುತ್ತಾರೆ. ಎಣಿಸಿದ್ದೆಲ್ಲ ಹಬ್ಬಕ್ಕೆ ಬಂದವರು ಎನ್ನುವುದು ಶ್ರೀಕೃಷ್ಣನ ಜನರನ್ನು ನಿಮ್ಮ ಖಾತೆಗೆ ಬರೆದುಕೊಂಡಂತೆ.

ಎರಡು ದಾರಿ ಇವೆ. ಒಂದು, ಹಬ್ಬಕ್ಕೆ ಮೊದಲಿನ ವಾರ ಅದೇ ವಾರದ ದಿನ, ಅದೇ ಹೊತ್ತು, ಅದೇ ದಾರಿಗಳಲ್ಲಿ ಎಣಿಸಿ, ಅದನ್ನು ಹಬ್ಬದ ಸಂಖ್ಯೆಯಿಂದ ಕಳೆಯುವುದು. ಏಕಾದಶಿ, ರಜೆ, ಸರಣಿ ಮದುವೆಯ ಮುಹೂರ್ತ ಇರುವ ವಾರವನ್ನು ಹೋಲಿಕೆಗೆ ಆರಿಸಬೇಡಿ. ಇನ್ನೊಂದು, ಹೊರಡುವವರನ್ನು ಕೇಳುವಾಗಲೇ ‘ಇವತ್ತು ಮುಖ್ಯವಾಗಿ ಯಾವುದಕ್ಕೆ ಬಂದಿರಿ?’ ಎಂದು ಇನ್ನೊಂದು ಪ್ರಶ್ನೆ ಸೇರಿಸುವುದು. ದೇವರ ದರ್ಶನಕ್ಕೆ ಬಂದು, ಸದ್ದು ಕೇಳಿ ಒಂದು ಗಂಟೆ ಯಕ್ಷಗಾನ ನೋಡಿದವರನ್ನು ಏನು ಮಾಡುವುದು? ಅವರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಉಚಿತ ಹಬ್ಬದ ಸೊಗಸೇ ಅವರು, ಆದರೆ ಅವರಿಗಾಗಿ ಪಾರ್ಕಿಂಗ್ ಬೇಡಿಕೆ ಇಡಬೇಡಿ.

ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದಂಥ ಸಂದರ್ಭಕ್ಕೆ ಈ ಕಳೆಯುವ ಲೆಕ್ಕ ಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಮೆರವಣಿಗೆ ಹೊರಟಾಗ ಊರಿಗೆ ಊರೇ ಅದಕ್ಕಾಗಿಯೇ ಎದ್ದಿರುತ್ತದೆ.

ಹಬ್ಬ ಮೂರು ದಿನ. ಮೂರು ದಿನದ ಸಂಖ್ಯೆ ಕೂಡಿಸಿದರೆ ಒಟ್ಟು ಮಂದಿ ಸಿಕ್ಕಿತಲ್ಲ?

ಇಲ್ಲ, ಅದು ಭೇಟಿಗಳ ಸಂಖ್ಯೆ. ಹೊರಡುವವರನ್ನು ‘ಮೂರು ದಿನದಲ್ಲಿ ಎಷ್ಟು ದಿನ ಬಂದಿರಿ, ಇನ್ನೂ ಬರುವ ಯೋಚನೆ ಇದೆಯೇ?’ ಎಂದು ಕೇಳಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಗಣಿತದ ಮೇಷ್ಟ್ರುಗಳೂ ಎಡವುವ ಜಾಗ. ನೂರು ಜನರನ್ನು ಕೇಳಿದಾಗ 60 ಮಂದಿ ಒಂದೇ ದಿನ, 24 ಮಂದಿ ಎರಡು ದಿನ, 16 ಮಂದಿ ಮೂರು ದಿನ ಎಂದರು ಎನ್ನಿ. ಸರಾಸರಿ 1.56 ದಿನ, ಆದ್ದರಿಂದ 9,000 ಭೇಟಿಯನ್ನು 1.56ರಿಂದ ಭಾಗಿಸಿ 5,770 ಎನ್ನಲು ಮನಸ್ಸಾಗುತ್ತದೆ. ಅದು ಕಡಿಮೆಯಾಯಿತು. ಮೂರು ದಿನ ಬರುವವರು ನಿಮ್ಮ ಪ್ರಶ್ನೆಗೆ ಸಿಕ್ಕಿಬೀಳುವ ಅವಕಾಶವೇ ಮೂರು ಪಟ್ಟು. ಅದಕ್ಕೇ ಅವರನ್ನು ಮೂರರಲ್ಲಿ ಒಂದು, ಎರಡು ದಿನದವರನ್ನು ಅರ್ಧ ಎಂದು ಹಿಡಿಯಬೇಕು: 60 ಕೂಡಿಸು 12 ಕೂಡಿಸು 5.3, ಅಂದರೆ ನೂರು ಭೇಟಿಗೆ ಸುಮಾರು 77 ಮಂದಿ. 9,000 ಭೇಟಿಗೆ ಸುಮಾರು 6,950.

ನೂರು ಜನರನ್ನು ಕೇಳಿದರೆ ಸಾಕೇ ಎಂದರೆ, ಉತ್ತರ ಎರಡೂ ಕಡೆ ಶೇಕಡಾ ಹತ್ತರಷ್ಟು ಜಾರಬಹುದು. ನಾನೂರನ್ನು ಕೇಳಿದರೆ ಐದಕ್ಕೆ ಇಳಿಯುತ್ತದೆ. ಅದರಾಚೆ ಕೇಳುವುದು ಶ್ರಮಕ್ಕೆ ತಕ್ಕದ್ದಲ್ಲ.

ಮೆರವಣಿಗೆ ಇದ್ದರೆ?

ಮೆರವಣಿಗೆಯಲ್ಲಿ ನಡೆಯುವವರು ಬೇರೆ, ನಿಂತು ನೋಡುವವರು ಬೇರೆ. ನಡೆಯುವವರನ್ನು ಒಂದು ಕಟ್ಟಡದ ಮಹಡಿಯಿಂದ ಒಂದು ಬಿಂದು ದಾಟುವಾಗ ಎಣಿಸಬಹುದು. ಆದರೆ ನಡುವೆ ಸೇರಿಕೊಳ್ಳುವವರು, ನಡುವೆ ಕಳಚಿಕೊಳ್ಳುವವರು ಇರುತ್ತಾರೆ. ಹಾಂಗ್‌ಕಾಂಗಿನಲ್ಲಿ ಜುಲೈ 1ರ ಮೆರವಣಿಗೆಗಳನ್ನು ಎಣಿಸಿದ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಎರಡು ಬಿಂದುಗಳಲ್ಲಿ ಎಣಿಸಿ, ‘ಆ ಬಿಂದುವನ್ನೂ ದಾಟಿದಿರಾ?’ ಎಂದು ನಂತರ ಕೇಳಿ ಸರಿಪಡಿಸುತ್ತಿದ್ದರು.

ನೋಡುವವರಿಗೆ ದಾರಿಯ ಉದ್ದ, ಸಾಲುಗಳ ಆಳ ಸಾಕು. ಒಂದು ಕಿಲೋಮೀಟರ್, ಎರಡೂ ಬದಿ, ಮೂರು ಸಾಲು, ಮೀಟರಿಗೆ ಇಬ್ಬರು ಎಂದರೆ 12,000. ಮಂಗಳೂರಿನ ಕುದ್ರೋಳಿಯ ದಸರಾ ಮೆರವಣಿಗೆಯಂತೆ ಇಡೀ ರಾತ್ರಿ ನಗರ ಸುತ್ತುವುದಾದರೆ ಮಾತ್ರ ಈ ಲೆಕ್ಕ ಹಾರಿಹೋಗುತ್ತದೆ: ಒಂದು ವೃತ್ತದಲ್ಲಿ ಟ್ಯಾಬ್ಲೊ ನೋಡಿದವರು ಬೈಕು ಹತ್ತಿ ಮುಂದಿನ ವೃತ್ತದಲ್ಲಿ ಮತ್ತೆ ನಿಂತಿರುತ್ತಾರೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ರಥಬೀದಿಯಲ್ಲಿ ನಿಂತವರು ಜಾಗ ಬಿಟ್ಟು ಕದಲುವುದಿಲ್ಲ, ಅಲ್ಲಿ ಸೆಂಟ್ಸ್ ಲೆಕ್ಕವೇ ಒಳ್ಳೆಯದು.

ಊಟದ ಲೆಕ್ಕದಿಂದ ಜನರ ಲೆಕ್ಕ ಹಿಡಿಯಬಹುದೇ?

ಅಡುಗೆ ಭಟ್ಟರು ತಲೆತಲಾಂತರದಿಂದ ಹಿಡಿಯುತ್ತಾ ಬಂದಿದ್ದಾರೆ. ‘ಎಷ್ಟು ಎಲೆ ಆಯ್ತು?’ ಎಂದು ಅವರನ್ನು ಕೇಳಿ, ಸಂಘಟಕರಿಗಿಂತ ಸರಿಯಾದ ಉತ್ತರ ಬರುತ್ತದೆ, ಏಕೆಂದರೆ ಅವರಿಗೆ ಅಕ್ಕಿಯ ಲೆಕ್ಕ ಕೊಡಬೇಕಾಗುತ್ತದೆ. ಪಂಕ್ತಿಯಲ್ಲಿ ಬಡಿಸುವುದಾದರೆ ಸಾಲಿಗೆ ಎಷ್ಟು ಎಲೆ, ಎಷ್ಟು ಪಂಕ್ತಿ ಎಂಬುದರಲ್ಲೇ ಮುಗಿಯಿತು. ಬಫೆಯಾದರೆ ಹಾಳೆತಟ್ಟೆಯ ಕಟ್ಟು ಎಷ್ಟು ಬಂತು, ಎಷ್ಟು ಉಳಿಯಿತು ನೋಡಿ. ಎರಡು ತಟ್ಟೆ ತೆಗೆದವರು, ಮನೆಯ ಅಜ್ಜನಿಗೆ ಪಾಯಸ ಕಟ್ಟಿಸಿಕೊಂಡವರು ಇದ್ದೇ ಇರುತ್ತಾರೆ, ಸ್ವಲ್ಪ ಕಳೆಯಿರಿ.

ಊಟ ಮಾಡದೆ ಹೋದವರನ್ನು ಸೇರಿಸಬೇಕಲ್ಲ? ಹೊರಡುವಾಗ ‘ಊಟ ಆಯ್ತಾ?’ ಎಂದು ಕೇಳಿ. ನಮ್ಮಲ್ಲಿ ಯಾರೂ ಬೇಸರಿಸದ ಪ್ರಶ್ನೆ ಅದೊಂದೇ. ನೂರರಲ್ಲಿ 60 ಮಂದಿ ಹೌದು ಎಂದರೆ, 1,500 ತಟ್ಟೆ ಖರ್ಚಾಗಿದ್ದರೆ, ಬಂದವರು ಸುಮಾರು 2,500. ಇದೇ ತರ್ಕದಲ್ಲಿ ಸ್ಟಿಕ್ಕರ್ ಹಂಚುವುದೂ ಉಂಟು: 500 ಜನರ ಅಂಗಿಗೆ ಅಂಟಿಸಿ, ಹೊರಡುವವರಲ್ಲಿ ಹತ್ತಕ್ಕೆ ಒಬ್ಬರ ಮೇಲೆ ಕಂಡರೆ ಒಟ್ಟು 5,000. ಮಕ್ಕಳಿಗೇ ಎಲ್ಲ ಸ್ಟಿಕ್ಕರ್ ಕೊಟ್ಟರೆ ಕೆಟ್ಟಿತು.

ಲಕ್ಕಿ ಕೂಪನ್ ಇಟ್ಟರೆ ಹೆಸರೇ ಸಿಗುತ್ತದಲ್ಲ?

ಸಿಗುತ್ತದೆ. ಹುಟ್ಟದ ಮೊಮ್ಮಗನ ಹೆಸರೂ ಸಿಗುತ್ತದೆ.

ಡ್ರೋನ್, ಮೊಬೈಲ್ ಟವರ್, ಎಐ ಕ್ಯಾಮೆರಾ ಇವೆಲ್ಲ?

ಡ್ರೋನ್ ನೇರ ಮೇಲಿನಿಂದ ತೆಗೆದ ಫೋಟೊ ನಿಜಕ್ಕೂ ಉಪಯುಕ್ತ. ಸೆಂಟ್ಸ್ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಜತೆ ಇಲ್ಲ. ಆದರೆ ಡ್ರೋನ್ ನಿಯಮಗಳು 2021ರ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ಮೊದಲು ನೋಡಬೇಕು. ಬಜಪೆಯ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಪೊಲೀಸರಿಗೆ ತಿಳಿಸದೆ ಜನರ ತಲೆಯ ಮೇಲೆ ಹಾರಿಸುವುದಂತೂ ಎಲ್ಲೂ ಬೇಡ. ಶಾಮಿಯಾನ ಮತ್ತು ಮರದ ಕೆಳಗಿನವರು ಅದಕ್ಕೆ ಕಾಣುವುದಿಲ್ಲ ಎಂಬುದೂ ನೆನಪಿರಲಿ.

ಮೊಬೈಲ್ ಲೆಕ್ಕದಲ್ಲಿ ಒಬ್ಬರ ಎರಡು ಸಿಮ್ ಇಬ್ಬರಾಗಬಹುದು, ಮಕ್ಕಳು ಸೊನ್ನೆಯಾಗುತ್ತಾರೆ, ಪಕ್ಕದ ರಸ್ತೆಯ ಬಸ್ಸಿನಲ್ಲಿ ಕೂತವರೂ ಹಬ್ಬಕ್ಕೆ ಬಂದವರಾಗುತ್ತಾರೆ. ಜನರ ಖಾಸಗಿತನದ ಪ್ರಶ್ನೆ ಬೇರೆ. ಊರಹಬ್ಬಕ್ಕೆ ಅದರ ಗೋಜು ಬೇಡ ಎಂಬುದು ನಮ್ಮ ಅಭಿಪ್ರಾಯ. ಎಐ ಕ್ಯಾಮೆರಾ ಬಾಗಿಲಿನಂಥ ಇಕ್ಕಟ್ಟಾದ ದಾರಿಯಲ್ಲಿ ಚೆನ್ನಾಗಿ ಎಣಿಸುತ್ತದೆ, ಒಬ್ಬರ ಹಿಂದೆ ಒಬ್ಬರು ಮರೆಯಾಗುವ ಗುಂಪಿನಲ್ಲಿ ತಪ್ಪುತ್ತದೆ.

ಪೊಲೀಸರ ಸಂಖ್ಯೆ ಒಂದು, ನಮ್ಮದು ಇನ್ನೊಂದು. ಯಾರನ್ನು ನಂಬುವುದು?

ಇಬ್ಬರನ್ನೂ ‘ಹೇಗೆ ಎಣಿಸಿದಿರಿ?’ ಎಂದು ಕೇಳುವುದು. 1995ರ ಅಕ್ಟೋಬರ್ 16ರಂದು ವಾಷಿಂಗ್ಟನ್‌ನಲ್ಲಿ ಕರಿಯ ಸಮುದಾಯದ ಪುರುಷರ ದೊಡ್ಡ ಸಮಾವೇಶ ನಡೆಯಿತು. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ನಾಲ್ಕು ಲಕ್ಷ ಎಂದಿತು. ಸಂಘಟಕರು ಅದರ ಹಲವು ಪಟ್ಟು ಎಂದು ಹೇಳಿ ಮೊಕದ್ದಮೆ ಹೂಡುವ ಮಾತಾಡಿದರು. ಬೋಸ್ಟನ್ ವಿಶ್ವವಿದ್ಯಾಲಯದವರು ಫೋಟೊಗಳಿಂದ ಲೆಕ್ಕ ಹಾಕಿ 8,37,000 ಎಂದರು, ಆದರೆ ಶೇಕಡಾ 20 ಹೆಚ್ಚುಕಡಿಮೆ ಇರಬಹುದು ಎಂದೂ ಸೇರಿಸಿದರು. ಕೊನೆಗೆ ಆ ಇಲಾಖೆ ಜನರನ್ನು ಎಣಿಸುವುದೇ ಬೇಡ ಎಂದು ಅಮೆರಿಕದ ಸಂಸತ್ತು ತಡೆಹಾಕಿತು. ಅಷ್ಟು ಸಾಧನ ಇದ್ದವರ ಪಾಡೇ ಹಾಗೆ. ಪೊಲೀಸರು ಸಾಮಾನ್ಯವಾಗಿ ಒಂದು ಹೊತ್ತಿನ ಗುಂಪನ್ನು ಹೇಳುತ್ತಾರೆ, ಸಂಘಟಕರು ದಿನದ ಒಟ್ಟು ಭೇಟಿಯನ್ನು ಹೇಳುತ್ತಾರೆ. ಹಲವು ಜಗಳಗಳು ಅಷ್ಟಕ್ಕೇ ತೀರುತ್ತವೆ.

ಎಷ್ಟು ಜನ ಆದರೆ ಅಪಾಯ?

ಒಟ್ಟು ಸಂಖ್ಯೆಯಿಂದ ಅಪಾಯ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಒತ್ತು, ಅದರಲ್ಲೂ ಬಾಗಿಲಿನ ಒತ್ತು. ಒಂದು ಚದರ ಮೀಟರಿಗೆ ನಾಲ್ಕು ಜನ ದಾಟಿದಾಗಲೇ ಎಚ್ಚರವಾಗಬೇಕು. ಐದು-ಆರು ದಾಟಿದರೆ ಜನ ತಮ್ಮ ಇಷ್ಟದಂತೆ ಕಾಲಿಡಲಾರರು, ಒಬ್ಬರು ವಾಲಿದರೆ ಇಡೀ ಗುಂಪು ಅಲೆಯಂತೆ ವಾಲುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಗೇಟುಗಳ ಹತ್ತಿರದ ನೂಕುನುಗ್ಗಲಿನಲ್ಲಿ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಲ್ಲಿ 66. ನಿಮ್ಮ ಓಣಿಯ ಅಗಲ ಎರಡು ಮೀಟರ್, ಕಾರ್ಯಕ್ರಮ ಮುಗಿದೊಡನೆ ಎರಡು ಸಾವಿರ ಜನ ಅದರಲ್ಲೇ ಹೊರಡುವವರು ಎಂದರೆ, ಎಲ್ಲ ಸುಗಮವಾದರೂ ಹನ್ನೆರಡು ನಿಮಿಷ. ನಡುವೆ ಒಬ್ಬರು ಬೈಕ್ ನಿಲ್ಲಿಸಿದರೆ? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಜನಸಂದಣಿ ನಿರ್ವಹಣೆಗೆಂದೇ ಕೈಪಿಡಿ ತಂದಿದೆ. ಹಬ್ಬದ ಸಮಿತಿಯಲ್ಲಿ ಒಬ್ಬರಾದರೂ ಓದಿರಲಿ.

ಎಣಿಸುವವರು ಪ್ರತಿ ಅರ್ಧ ಗಂಟೆಯ ಸಂಖ್ಯೆಯನ್ನು ಆಗಲೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು. ಮರುದಿನ ಕೂಡಿಸಿ ನೋಡಿದರೆ ವರದಿಗೆ ಆಗುತ್ತದೆ, ಬಾಗಿಲು ತೆರೆಸಲು ಆಗುವುದಿಲ್ಲ.

ವರದಿಯಲ್ಲಿ ಸಂಖ್ಯೆಯನ್ನು ಹೇಗೆ ಬರೆಯಬೇಕು?

‘6,947 ಜನ ಬಂದರು’ ಎಂದು ಬರೆಯಬೇಡಿ. ಅಂದಾಜಿಗೆ ಅಷ್ಟು ಸಣ್ಣ ಅಂಕೆ ಹೊಂದುವುದಿಲ್ಲ. ‘ಮೂರು ದಿನದಲ್ಲಿ ಸುಮಾರು 9,000 ಭೇಟಿ, 6,000ದಿಂದ 8,000 ಮಂದಿ, ಶನಿವಾರ ರಾತ್ರಿ ಎಂಟಕ್ಕೆ ಅತಿ ಹೆಚ್ಚು, 1,200’ ಎಂದು ಬರೆದು, ಹೇಗೆ ಎಣಿಸಿದಿರಿ ಎಂದು ಒಂದು ಸಾಲು ಸೇರಿಸಿ. ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆ ಬಂದರೆ ಅದನ್ನೇ ಬರೆಯಿರಿ. ಎಷ್ಟೋ ಸಲ ಕಡಿಮೆಯಾಗಿರುವುದು ಜನರಲ್ಲ, ಹಿಂದಿನ ವರ್ಷದ ಉತ್ಪ್ರೇಕ್ಷೆ.

ಎಣಿಸುತ್ತಿರುವಾಗ ಮಳೆ ಬಂದರೆ?

ಮೊದಲು ಗಡಿಯಾರ ನೋಡಿ ಹೊತ್ತು ಬರೆದಿಡಿ. ಕೊಡೆ ಬಿಚ್ಚಿದ ಗುಂಪು ಒಬ್ಬರಿಗೆ ಹೆಚ್ಚು ಜಾಗ ತಿನ್ನುತ್ತದೆ, ಆದ್ದರಿಂದ ಸೆಂಟ್ಸ್ ಲೆಕ್ಕವನ್ನು ಅಲ್ಲಿಗೆ ನಿಲ್ಲಿಸಿ. ಅಂಗಡಿಗಳ ಜಗಲಿ, ಮಠದ ಚಾವಡಿ, ಬಸ್ ಸ್ಟ್ಯಾಂಡಿನ ಮಾಡಿನ ಕೆಳಗೆ ಓಡಿದವರು ಹೊರಗೆ ಹೋದವರಲ್ಲ, ಮಳೆ ನಿಂತರೆ ಮರಳುತ್ತಾರೆ. ಅವರು ನಿಮ್ಮ ಗೆರೆಯ ಒಳಗಿದ್ದಾರೆಯೇ ಹೊರಗೆಯೇ ನೋಡಿ. ಹೊರಗೆ ಹೋಗಿ ಮತ್ತೆ ಬಂದವರನ್ನು ಬೇರೆ ಕೌಂಟರಿನಲ್ಲಿ ಹಿಡಿಯಿರಿ. ಮಳೆ ನಿಂತು ಕಾಲು ಗಂಟೆಯ ನಂತರ ಒಳಗಿರುವವರನ್ನು ಒಮ್ಮೆ ಪೂರ್ತಿ ಎಣಿಸಿ, ಆ ಸಂಖ್ಯೆಯಿಂದ ಹೊಸದಾಗಿ ಶುರುಮಾಡಿ. ಎಣಿಕೆಯ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ, ಪೆನ್ನಿನ ಬದಲು ಪೆನ್ಸಿಲ್ ಬಳಸಿ.